ಟಿಕೆಟ್ ಟು ರೈಡ್: ಆಟ ಕೆಡಿಸದೆ ಮನೆ ರೂಲ್ಸ್ ಸೇರಿಸುವುದು ಹೇಗೆ?

ಟಿಕೆಟ್ ಟು ರೈಡ್ ಅನ್ನುವ, ನಕ್ಷೆಯ ಮೇಲೆ ರೈಲು ಹಳಿ ಹಾಕುವ ಬೋರ್ಡ್ ಗೇಮ್ ಆಡುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಆಟ ಚೆನ್ನಾಗಿದೆ, ಆದ್ರೆ ಟಿಕೆಟ್ ಹಂಚಿದ ಕೂಡಲೇ ಯಾರು ಗೆಲ್ತಾರೆ ಅಂತ ಗೊತ್ತಾಗಿಬಿಡುತ್ತೆ. ಏನಾದ್ರೂ ಮಾಡಬಹುದಾ?" ಇನ್ನು ಕೆಲವರ ದೂರು ಬೇರೆ. ಇಬ್ಬರೇ ಆಡಿದರೆ ಸಪ್ಪೆ. ಐದು ಜನ ಕೂತರೆ ನಕ್ಷೆಯಲ್ಲಿರುವ ಮಯಾಮಿ ಊರಿಗೆ ದಾರಿಯೇ ಸಿಗುವುದಿಲ್ಲ. ಮಕ್ಕಳು ಕೊನೆಗೆ ಅಂಕ ಕಳೆಯುವುದನ್ನು ನೋಡಿ ಅಳುತ್ತಾರೆ. ಎಲ್ಲದಕ್ಕೂ ಪರಿಹಾರ ಇದೆ, ಅದಕ್ಕೆ ಹೊಸ ಡಬ್ಬಿ ಕೊಳ್ಳಬೇಕಾಗಿಲ್ಲ. ಮನೆ ರೂಲ್, ಅಂದರೆ ನಾವೇ ಸೇರಿಸಿಕೊಳ್ಳುವ ನಿಯಮ ಸಾಕು.

ಆದರೆ ಶುರು ಮಾಡುವ ಮುಂಚೆ ಒಂದು ಮಾತು. 2004ರಲ್ಲಿ ಬಂದ ಈ ಆಟವನ್ನು ಅಲನ್ ಆರ್. ಮೂನ್ ಬಹಳ ಕಡಿಮೆ ನಿಯಮಗಳಲ್ಲಿ ಕಟ್ಟಿದ್ದಾರೆ. ಅದೇ ವರ್ಷ ಜರ್ಮನಿಯ ಸ್ಪೀಲ್ ಡೆಸ್ ಯಾರೆಸ್, ಅಂದರೆ "ವರ್ಷದ ಆಟ" ಪ್ರಶಸ್ತಿಯೂ ಬಂತು. ಇಡೀ ಆಟ ನಿಂತಿರುವುದು ಒಂದೇ ಇಕ್ಕಟ್ಟಿನ ಮೇಲೆ: ಇನ್ನೊಂದು ಕಾರ್ಡ್ ತೆಗೆಯಲಾ, ಇಲ್ಲ ಈಗಲೇ ಹಳಿ ಹಾಕಿಬಿಡಲಾ? ಕಾದರೆ ಪಕ್ಕದವರು ಆ ದಾರಿ ಹಿಡಿಯಬಹುದು, ಆತುರ ಪಟ್ಟರೆ ನಿಮ್ಮ ಪ್ಲಾನ್ ಎಲ್ಲರಿಗೂ ಗೊತ್ತಾಗುತ್ತದೆ. ನೀವು ಯಾವ ಮನೆ ರೂಲ್ ಸೇರಿಸಿದರೂ ಈ ಇಕ್ಕಟ್ಟು ಉಳಿಯಬೇಕು. ಇದು ಹೋದರೆ ಉಳಿಯುವುದು ಬಣ್ಣದ ಕಾರ್ಡ್ ಕೂಡಿಸುವ ಕೆಲಸ ಮಾತ್ರ.

ಇಲ್ಲಿ ಹೇಳಿರುವುದೆಲ್ಲ ಮೂಲ ಅಮೆರಿಕಾ ನಕ್ಷೆಗೆ. ಯುರೋಪ್ ನಕ್ಷೆ ಇರುವವರಿಗೆ ಅರ್ಧ ಸಮಸ್ಯೆ ಆಗಲೇ ಬಗೆಹರಿದಿರುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೆಲವು ಪದಗಳು

ಬೋಗಿ ಅಂದರೆ ನಿಮ್ಮ ಮುಂದಿರುವ ಪ್ಲಾಸ್ಟಿಕ್ ರೈಲುಗಳು, ಒಬ್ಬೊಬ್ಬರಿಗೆ 45. ದಾರಿ ಅಂದರೆ ಎರಡು ಊರಿನ ನಡುವಿನ ಒಂದು ತುಂಡು ಹಳಿ. ಅದರ ಮೇಲೆ ಎಷ್ಟು ಮನೆ (ಚೌಕ) ಇದೆಯೋ ಅಷ್ಟು ಬೋಗಿ, ಜೊತೆಗೆ ದಾರಿಯ ಬಣ್ಣದ ಅಷ್ಟೇ ಕಾರ್ಡ್ ಬೇಕು. ಬೂದು ದಾರಿಗೆ ಯಾವ ಬಣ್ಣವಾದರೂ ಸರಿ, ಆದರೆ ಎಲ್ಲ ಒಂದೇ ಬಣ್ಣ ಇರಬೇಕು. ಜೋಡಿ ದಾರಿ ಅಂದರೆ ಒಂದೇ ಎರಡು ಊರಿನ ನಡುವೆ ಪಕ್ಕಪಕ್ಕದಲ್ಲಿ ಇರುವ ಎರಡು ಹಳಿ. ಇಂಜಿನ್ ಕಾರ್ಡ್ ಯಾವ ಬಣ್ಣಕ್ಕೆ ಬೇಕಾದರೂ ಹೊಂದುವ ಕಾರ್ಡ್. ಟಿಕೆಟ್ ಅಂದರೆ ಇಂಥ ಊರಿನಿಂದ ಇಂಥ ಊರಿಗೆ ಹಳಿ ಸೇರಿಸಿ ಅನ್ನುವ ಗುಟ್ಟಿನ ಗುರಿ. ಮುಗಿಸಿದರೆ ಅಷ್ಟು ಅಂಕ ಸೇರುತ್ತದೆ, ಇಲ್ಲದಿದ್ದರೆ ಅಷ್ಟೇ ಕಳೆಯುತ್ತದೆ.

ಬೇಕಾದ ಸಾಮಾನು: ಆಟದ ಡಬ್ಬಿ, ಒಂದು ಹಾಳೆ, ಪೆನ್ಸಿಲ್, ಐದು ಬೇರೆ ಬೇರೆ ಗುಂಡಿ ಅಥವಾ ನಾಣ್ಯ.

1. ಮೊದಲು ಪುಸ್ತಕದ ರೂಲ್ ಸರಿಯಾಗಿ ಆಡುತ್ತಿದ್ದೀರಾ ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. "ಆಟ ಸರಿ ಇಲ್ಲ" ಅನ್ನುವ ದೂರುಗಳಲ್ಲಿ ಬಹಳಷ್ಟು ತಪ್ಪಾಗಿ ಆಡಿದ್ದರಿಂದ ಬರುತ್ತವೆ. ಯಾರೋ ಒಬ್ಬರು ಕಲಿಸಿರುತ್ತಾರೆ, ಅವರಿಗೆ ಇನ್ಯಾರೋ ಕಲಿಸಿರುತ್ತಾರೆ, ಪುಸ್ತಕ ತೆರೆದವರೇ ಇರುವುದಿಲ್ಲ.

ಜಾಸ್ತಿ ತಪ್ಪುವ ಜಾಗಗಳು ಇವು. ಮೇಲೆ ತೆರೆದಿಟ್ಟ ಐದು ಕಾರ್ಡಿನಲ್ಲಿ ಇಂಜಿನ್ ತೆಗೆದುಕೊಂಡರೆ ಆ ಸರದಿಗೆ ಅದೊಂದೇ, ಮಾಮೂಲಾಗಿ ಸಿಗುವ ಎರಡನೇ ಕಾರ್ಡ್ ಇಲ್ಲ. ಮೊದಲು ಬೇರೆ ಕಾರ್ಡ್ ತೆಗೆದು ಎರಡನೆಯದಾಗಿ ತೆರೆದ ಇಂಜಿನ್ ತೆಗೆಯುವಂತೆಯೂ ಇಲ್ಲ. ಮುಚ್ಚಿದ ಕಟ್ಟಿನಿಂದ ಅದೃಷ್ಟಕ್ಕೆ ಇಂಜಿನ್ ಬಂದರೆ ಮಾತ್ರ ಅದು ಮಾಮೂಲಿ ಕಾರ್ಡಿನ ಲೆಕ್ಕ. ತೆರೆದ ಐದರಲ್ಲಿ ಮೂರು ಇಂಜಿನ್ ಬಿದ್ದರೆ ಐದನ್ನೂ ಎತ್ತಿ ಹಾಕಿ ಹೊಸ ಐದು ತೆರೆಯಬೇಕು. ಒಂದು ಸರದಿಗೆ ಒಂದೇ ದಾರಿ. ಹೊಸ ದಾರಿ ನಿಮ್ಮ ಹಳೇ ಹಳಿಗೆ ಅಂಟಿಕೊಂಡೇ ಇರಬೇಕು ಅಂತ ಎಲ್ಲೂ ಇಲ್ಲ. ಎಲ್ಲಿ ಬೇಕಾದರೂ ಹಾಕಬಹುದು. ಕೈಯಲ್ಲಿ ಇಷ್ಟೇ ಕಾರ್ಡ್ ಇರಬೇಕು ಅನ್ನುವ ಮಿತಿಯೂ ಇಲ್ಲ.

ಜೋಡಿ ದಾರಿಯದ್ದು ಎಲ್ಲಕ್ಕಿಂತ ದೊಡ್ಡ ಎಡವಟ್ಟು. ಇಬ್ಬರು ಅಥವಾ ಮೂವರು ಆಡುವಾಗ ಜೋಡಿಯಲ್ಲಿ ಒಂದು ಹಳಿ ಹೋದರೆ ಇನ್ನೊಂದು ಮುಚ್ಚಿತು ಅಂತಲೇ ಅರ್ಥ. ನಾಲ್ಕು-ಐದು ಜನ ಇದ್ದಾಗ ಮಾತ್ರ ಎರಡೂ ತೆರೆದಿರುತ್ತವೆ, ಆಗಲೂ ಒಬ್ಬರೇ ಎರಡನ್ನೂ ಹಿಡಿಯುವಂತಿಲ್ಲ. "ಇಬ್ಬರ ಆಟದಲ್ಲಿ ಪೈಪೋಟಿಯೇ ಇಲ್ಲ" ಅನ್ನುವವರು ಮೊದಲು ಇದನ್ನು ನೋಡಿಕೊಳ್ಳಿ.

ಕೊನೆಯದು. ಯಾರ ಬಳಿಯಾದರೂ 2 ಅಥವಾ ಅದಕ್ಕಿಂತ ಕಡಿಮೆ ಬೋಗಿ ಉಳಿದರೆ, ಅವರನ್ನೂ ಸೇರಿಸಿ ಎಲ್ಲರಿಗೂ ಇನ್ನೊಂದೊಂದು ಸರದಿ. ಆಮೇಲೆ ಆಟ ಮುಗಿಯಿತು.

2. ನಿಮಗೆ ಬೇಜಾರಾಗುತ್ತಿರುವುದು ಯಾವುದು ಅಂತ ಒಂದೇ ಸಾಲಲ್ಲಿ ಬರೆಯಿರಿ

ಸುಮ್ನೆ "ಇನ್ನೂ ಮಜಾ ಬರಬೇಕು" ಅಂತ ಬರೆದರೆ ಪ್ರಯೋಜನ ಇಲ್ಲ. "ದೊಡ್ಡ ಟಿಕೆಟ್ ಎರಡು ಬಂದವರೇ ಗೆಲ್ಲುತ್ತಾರೆ" ಅಂತ ಬರೆಯಿರಿ. "ತೆರೆದ ಕಾರ್ಡುಗಳನ್ನು ಯಾರೂ ಮುಟ್ಟುವುದಿಲ್ಲ" ಅಂತ ಬರೆಯಿರಿ. ಆಮೇಲೆ ಕೆಳಗಿನ ಹಂತಗಳಲ್ಲಿ ಅದಕ್ಕೆ ಹೊಂದುವ ಒಂದೇ ಒಂದು ಬದಲಾವಣೆ ಆರಿಸಿ, ಮೂರು ಆಟ ಅದರಲ್ಲೇ ಆಡಿ. ಒಮ್ಮೆಲೇ ನಾಲ್ಕು ರೂಲ್ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

3. ಟಿಕೆಟ್ ಹಂಚುವುದನ್ನು ಸರಿ ಮಾಡಿ

ನನ್ನನ್ನು ಕೇಳಿದರೆ ಒಂದೇ ಒಂದು ಬದಲಾವಣೆ ಮಾಡುವುದಾದರೆ ಇದನ್ನೇ ಮಾಡಿ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಡಬ್ಬಿಯಲ್ಲಿ 30 ಟಿಕೆಟ್ ಇವೆ. ಚಿಕ್ಕದು ಡೆನ್ವರ್–ಎಲ್ ಪಾಸೊ, 4 ಅಂಕ. ದೊಡ್ಡದು ಸಿಯಾಟಲ್–ನ್ಯೂಯಾರ್ಕ್, 22 ಅಂಕ. ನೋಡಿದ ತಕ್ಷಣ 22 ಬಂದವರ ಅದೃಷ್ಟ ಅನ್ನಿಸುತ್ತದೆ ಅಲ್ವಾ? ಆದರೆ ಅದಕ್ಕೆ ಬೋಗಿಯೂ ಅಷ್ಟೇ ಜಾಸ್ತಿ ಬೇಕು. ಡೆನ್ವರ್‌ನಿಂದ ಸಾಂಟಾ ಫೆಗೆ 2, ಅಲ್ಲಿಂದ ಎಲ್ ಪಾಸೊಗೆ 2, ಒಟ್ಟು 4 ಬೋಗಿಗೆ 4 ಅಂಕದ ಟಿಕೆಟ್. ದೊಡ್ಡ ಟಿಕೆಟ್‌ಗಳ ಲೆಕ್ಕವೂ ಹೆಚ್ಚುಕಮ್ಮಿ ಹೀಗೆಯೇ. ನಿಜವಾದ ಅದೃಷ್ಟ ಇರುವುದು ಎರಡು ಟಿಕೆಟ್ ಒಂದೇ ಹಳಿಯ ಮೇಲೆ ಕೂತಾಗ.

ಉದಾಹರಣೆ ನೋಡಿ. ಒಬ್ಬರಿಗೆ ಸಿಯಾಟಲ್–ನ್ಯೂಯಾರ್ಕ್ ಮತ್ತು ವ್ಯಾಂಕೂವರ್–ಮಾಂಟ್ರಿಯಲ್ ಎರಡೂ ಬಂತು ಅಂತಿಟ್ಟುಕೊಳ್ಳಿ. ವ್ಯಾಂಕೂವರ್–ಸಿಯಾಟಲ್ 1 ಬೋಗಿ, ಸಿಯಾಟಲ್–ಹೆಲೆನಾ 6, ಹೆಲೆನಾ–ಡುಲುತ್ 6, ಡುಲುತ್–ಟೊರಾಂಟೊ 6, ಟೊರಾಂಟೊ–ಮಾಂಟ್ರಿಯಲ್ 3, ಮಾಂಟ್ರಿಯಲ್–ನ್ಯೂಯಾರ್ಕ್ 3. ಒಟ್ಟು 25 ಬೋಗಿಯಲ್ಲಿ ಎರಡೂ ಟಿಕೆಟ್ ಮುಗಿಯಿತು, ಅದಕ್ಕೆ 42 ಅಂಕ. ದಾರಿಗಳ ಅಂಕ ಬೇರೆ: 1, 15, 15, 15, 4, 4, ಅಂದರೆ 54. ಕೂಡಿದರೆ 96 ಅಂಕ, ಕೈಯಲ್ಲಿ ಇನ್ನೂ 20 ಬೋಗಿ ಬಾಕಿ! ಅದೇ ಹೊತ್ತಿಗೆ ಪಕ್ಕದವರ ಕೈಯಲ್ಲಿ ಹೆಲೆನಾ–ಲಾಸ್ ಏಂಜಲೀಸ್, ಟೊರಾಂಟೊ–ಮಯಾಮಿ ಅಂತ ದೇಶದ ಎರಡು ತುದಿಯಲ್ಲಿ ಎರಡು ಟಿಕೆಟ್ ಇದ್ದರೆ ಅವರು ಏನು ಮಾಡಿಯಾರು?

ಪರಿಹಾರ ಹೀಗೆ:

ಅ) 16 ಅಂಕ ಮತ್ತು ಅದಕ್ಕಿಂತ ಮೇಲಿನ ಟಿಕೆಟ್‌ಗಳನ್ನು ಬೇರೆ ಮಾಡಿ. ಏಳು ಸಿಗುತ್ತವೆ: ಸಿಯಾಟಲ್–ನ್ಯೂಯಾರ್ಕ್ 22, ಲಾಸ್ ಏಂಜಲೀಸ್–ನ್ಯೂಯಾರ್ಕ್ 21, ಲಾಸ್ ಏಂಜಲೀಸ್–ಮಯಾಮಿ 20, ವ್ಯಾಂಕೂವರ್–ಮಾಂಟ್ರಿಯಲ್ 20, ಪೋರ್ಟ್‌ಲ್ಯಾಂಡ್–ನ್ಯಾಶ್‌ವಿಲ್ 17, ಸ್ಯಾನ್ ಫ್ರಾನ್ಸಿಸ್ಕೊ–ಅಟ್ಲಾಂಟಾ 17, ಲಾಸ್ ಏಂಜಲೀಸ್–ಶಿಕಾಗೊ 16.

ಆ) ಅವುಗಳಲ್ಲಿ ಒಬ್ಬೊಬ್ಬರಿಗೆ ಒಂದು ಕೊಡಿ. ಉಳಿದ 23ರಿಂದ ಒಬ್ಬೊಬ್ಬರಿಗೆ ಮೂರು ಕೊಡಿ. ನಾಲ್ಕರಲ್ಲಿ ಕನಿಷ್ಠ ಎರಡು ಇಟ್ಟುಕೊಳ್ಳಬೇಕು. ದೊಡ್ಡದನ್ನು ಇಟ್ಟುಕೊಳ್ಳಲೇಬೇಕು ಅಂತಿಲ್ಲ.

ಇ) ಹಂಚದೆ ಉಳಿದ ದೊಡ್ಡ ಟಿಕೆಟ್, ಮತ್ತು ಯಾರಾದರೂ ಬೇಡ ಅಂತ ಬಿಟ್ಟ ದೊಡ್ಡ ಟಿಕೆಟ್, ಎರಡೂ ಡಬ್ಬಿಗೆ. ವಾಪಸ್ ಕಟ್ಟಿಗೆ ಸೇರಿಸಬೇಡಿ. ಬಿಟ್ಟ ಚಿಕ್ಕ ಟಿಕೆಟ್ ಮಾತ್ರ ಕಟ್ಟಿನ ಅಡಿಗೆ ಹೋಗಲಿ.

ಇದು ಹೊಸದಾಗಿ ಹುಟ್ಟಿಸಿದ್ದಲ್ಲ. 2005ರಲ್ಲಿ ಬಂದ ಯುರೋಪ್ ಆಟದಲ್ಲಿ ಹೆಚ್ಚುಕಮ್ಮಿ ಇದೇ ಪದ್ಧತಿ ಇದೆ. ಅದನ್ನು ಅಮೆರಿಕಾ ನಕ್ಷೆಗೆ ತಂದುಕೊಂಡರೆ ಇನ್ನೊಂದು ಲಾಭವೂ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಆಟದ ಕೊನೆಯಲ್ಲಿ ಒಬ್ಬರು ಮೂರು ಟಿಕೆಟ್ ತೆಗೆದು, "ಅಯ್ಯೋ, ಇದು ಆಗಲೇ ಆಗಿಹೋಗಿದೆ" ಅಂತ 21 ಅಂಕ ಪುಕ್ಕಟೆ ಜೇಬಿಗೆ ಹಾಕಿಕೊಳ್ಳುತ್ತಾರಲ್ಲ, ಅದು ಉಳಿದವರಿಗೆ ಹೊಟ್ಟೆ ಉರಿಸುವ ವಿಷಯ. ದೊಡ್ಡವು ಡಬ್ಬಿಯಲ್ಲಿದ್ದರೆ ಕಟ್ಟಿನಲ್ಲಿ ಉಳಿಯುವ ಅತಿ ದೊಡ್ಡ ಟಿಕೆಟ್ 13 ಅಂಕದ್ದು. ಹಾಗಾಗಿ ಕೊನೆಯ ಗಳಿಗೆಯ ಲಾಟರಿ ತಾನಾಗಿಯೇ ಚಿಕ್ಕದಾಗುತ್ತದೆ. ಅದಕ್ಕಾಗಿ "ಇಷ್ಟು ಬೋಗಿ ಉಳಿದ ಮೇಲೆ ಟಿಕೆಟ್ ತೆಗೆಯುವಂತಿಲ್ಲ" ಅಂತ ಇನ್ನೊಂದು ರೂಲ್ ಬೇಡ. ಹರಡಿ ಹಳಿ ಹಾಕಿದವರಿಗೆ ಕೊನೆಯಲ್ಲಿ ಟಿಕೆಟ್ ತೆಗೆಯುವ ಧೈರ್ಯ ಇರುವುದು ನ್ಯಾಯವೇ.

ಎಚ್ಚರಿಕೆ: ಕೆಲವರು "ಐದು ಕೊಟ್ಟು ಬೇಕಾದ್ದನ್ನು ಆರಿಸಿ" ಅನ್ನುತ್ತಾರೆ, ದೊಡ್ಡದು ಚಿಕ್ಕದು ಬೇರೆ ಮಾಡದೆ. ಆಗ ಒಂದರ ಮೇಲೊಂದು ಕೂರುವ ಜೋಡಿ ಸಿಗುವ ಸಾಧ್ಯತೆ ಇನ್ನೂ ಜಾಸ್ತಿಯಾಗುತ್ತದೆ. ಇದ್ದ ಸಮಸ್ಯೆಯನ್ನೇ ಬೆಳೆಸಿದ ಹಾಗೆ.

ಆಟ ಚೆನ್ನಾಗಿ ಬಲ್ಲವರು ಮಾತ್ರ ಕೂತಿದ್ದರೆ ಇನ್ನೊಂದು ದಾರಿ ಇದೆ. ಒಬ್ಬೊಬ್ಬರಿಗೆ ನಾಲ್ಕು ಟಿಕೆಟ್ ಕೊಡಿ, ಒಂದನ್ನು ಇಟ್ಟುಕೊಂಡು ಉಳಿದ ಮೂರನ್ನು ಎಡಗಡೆಯವರಿಗೆ ದಾಟಿಸಿ, ಹೀಗೆ ಸುತ್ತಿಸಿ. ಕೊನೆಗೆ ನಾಲ್ಕರಲ್ಲಿ ಎರಡಾದರೂ ಉಳಿಸಿಕೊಳ್ಳಬೇಕು. ಪಕ್ಕದವರಿಗೆ ಏನು ದಾಟಿಸಿದೆ ಅಂತ ನಿಮಗೆ ಗೊತ್ತಿರುತ್ತದೆ, ಅದರಿಂದ ಆಟ ಚುರುಕಾಗುತ್ತದೆ. ಹೊಸಬರಿದ್ದರೆ ಇದನ್ನು ಮಾಡಬೇಡಿ. ಅವರಿಗೆ ಡುಲುತ್ ಎಲ್ಲಿದೆ ಅಂತ ಹುಡುಕುವುದರಲ್ಲೇ ಸಾಕಾಗಿರುತ್ತದೆ.

4. ಕೊನೆಯ ಬೋನಸ್ಸನ್ನು ಇಬ್ಭಾಗ ಮಾಡಿ

ಪುಸ್ತಕದ ಪ್ರಕಾರ ಅತಿ ಉದ್ದದ, ಕಡಿಯದ ಹಳಿ ಇರುವವರಿಗೆ 10 ಅಂಕ. ಮೇಲಿನ ಉದಾಹರಣೆಯನ್ನೇ ನೋಡಿ: ದೊಡ್ಡ ಟಿಕೆಟ್ ಮುಗಿಸಿದವರ ಬಳಿ ಉದ್ದದ ಹಳಿ ಹೇಗೂ ಇರುತ್ತದೆ. ಉಳ್ಳವರಿಗೇ ಇನ್ನಷ್ಟು ಕೊಟ್ಟ ಹಾಗಾಯಿತು. ಚಿಕ್ಕ ಚಿಕ್ಕ ಟಿಕೆಟ್ ಮುಗಿಸಿದವರಿಗೆ ಏನೂ ಇಲ್ಲ.

ಅಮೆರಿಕಾ 1910 ಅನ್ನುವ ವಿಸ್ತರಣೆಯಲ್ಲಿ ಅತಿ ಹೆಚ್ಚು ಟಿಕೆಟ್ ಮುಗಿಸಿದವರಿಗೆ 15 ಅಂಕದ ಬೋನಸ್ ಇದೆ. ಅದು ಕೈಯಲ್ಲಿ ಇಲ್ಲದಿದ್ದರೂ ರೂಲ್ ಮಾತ್ರ ಎರವಲು ತಂದುಕೊಳ್ಳಬಹುದು. ಮೂಲ 30 ಟಿಕೆಟ್‌ಗೆ 15 ಜಾಸ್ತಿಯಾಯಿತು ಅನ್ನಿಸುತ್ತದೆ. ಹಾಗಾಗಿ ಉದ್ದದ ಹಳಿಗೆ 10, ಹೆಚ್ಚು ಟಿಕೆಟ್ ಮುಗಿಸಿದವರಿಗೂ 10. ಸಮಾನವಾಗಿ ಬಂದರೆ ಇಬ್ಬರಿಗೂ ಪೂರ್ತಿ ಹತ್ತತ್ತು, ಭಾಗ ಮಾಡಬೇಡಿ.

ಉದ್ದ ಎಣಿಸುವಾಗ ಜಗಳ ಆಗುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡಿ: ಒಂದೇ ಊರನ್ನು ಎಷ್ಟು ಸಲ ಬೇಕಾದರೂ ಹಾಯಬಹುದು, ಆದರೆ ಒಂದೇ ಬೋಗಿಯನ್ನು ಎರಡು ಸಲ ಎಣಿಸುವಂತಿಲ್ಲ. ಕವಲು ಒಡೆದ ಕಡೆ ಯಾವುದಾದರೂ ಒಂದು ಕವಲು ಮಾತ್ರ. ಬೆರಳಿಟ್ಟು ಎತ್ತದೆ ಎಳೆಯಲು ಆದರೆ ಅದು ಒಂದೇ ಹಳಿ.

5. ತೆರೆದ ಐದು ಕಾರ್ಡ್ ಕೊಳೆಯದ ಹಾಗೆ ನೋಡಿಕೊಳ್ಳಿ

ಆಟದ ಮಧ್ಯೆ ಒಂದು ಹಂತ ಬರುತ್ತದೆ, ಯಾರಿಗೂ ಬೇಡದ ಐದು ಕಾರ್ಡ್ ಮೇಲೆ ಕೂತಿರುತ್ತವೆ, ಎಲ್ಲರೂ ಮುಚ್ಚಿದ ಕಟ್ಟಿಗೇ ಕೈ ಹಾಕುತ್ತಾರೆ, ಆಟ ಬರೀ ಅದೃಷ್ಟದ್ದಾಗುತ್ತದೆ. ಅದಕ್ಕೆ ಈ ರೂಲ್: ಕಾರ್ಡ್ ತೆಗೆಯುವ ಸರದಿಯಲ್ಲಿ ಮೊದಲ ಕಾರ್ಡನ್ನು ಬಿಟ್ಟುಕೊಟ್ಟು ತೆರೆದ ಐದನ್ನೂ ಗುಡಿಸಿ ಹಾಕಬಹುದು. ಹೊಸ ಐದು ತೆರೆದ ಮೇಲೆ ಎರಡನೇ ಕಾರ್ಡ್ ಮಾತ್ರ ನಿಮ್ಮದು, ಅದೂ ತೆರೆದ ಇಂಜಿನ್ ಆಗಿರಬಾರದು.

ಇಂಜಿನ್ ನಿಷೇಧ ಮರೆಯಬೇಡಿ. ಮರೆತರೆ ಎಲ್ಲರೂ ಇಂಜಿನ್ ಬೇಟೆಗೆ ಗುಡಿಸಲು ಶುರು ಮಾಡುತ್ತಾರೆ. ಪುಕ್ಕಟೆ ಗುಡಿಸಲು ಬಿಡುವುದೂ ತಪ್ಪು. ಅರ್ಧ ಸರದಿ ಕಳೆದುಕೊಳ್ಳುವ ನೋವು ಇದ್ದರೆ ಮಾತ್ರ ಜನ ಯೋಚನೆ ಮಾಡಿ ಗುಡಿಸುತ್ತಾರೆ. ಕಟ್ಟು ಬೇಗ ಖಾಲಿಯಾಗುತ್ತದೆ, ಎಸೆದ ಕಾರ್ಡುಗಳನ್ನು ಚೆನ್ನಾಗಿ ಕಲಸಿ ಮತ್ತೆ ಇಡಿ. ಬಳಸಿದ ಕಾರ್ಡುಗಳು ಒಂದೇ ಬಣ್ಣದ ಗುಂಪುಗಳಾಗಿ ಬಿದ್ದಿರುತ್ತವೆ, ಎರಡು ಸಲ ಕಲಸಿ ಸುಮ್ಮನಾದರೆ ಆ ಗುಂಪುಗಳು ಹಾಗೇ ಉಳಿಯುತ್ತವೆ. ಮೇಜಿನ ಮೇಲೆ ಹರಡಿ ಎರಡೂ ಕೈಯಲ್ಲಿ ಕಲಸಿ.

6. ನಾಲ್ಕು-ಐದು ಜನ ಇದ್ದರೆ: ಒಬ್ಬೊಬ್ಬರಿಗೆ ಒಂದೇ ಒಂದು ನಿಲ್ದಾಣ

ನಕ್ಷೆಯಲ್ಲಿ ಮಯಾಮಿ ನೋಡಿ. ಒಳಗೆ ಹೋಗಲು ಮೂರೇ ದಾರಿ: ನ್ಯೂ ಆರ್ಲಿಯನ್ಸ್‌ನಿಂದ ಕೆಂಪು 6, ಅಟ್ಲಾಂಟಾದಿಂದ ನೀಲಿ 5, ಚಾರ್ಲ್ಸ್‌ಟನ್‌ನಿಂದ ಗುಲಾಬಿ 4. ಒಂದೂ ಜೋಡಿ ದಾರಿಯಲ್ಲ. ಮಯಾಮಿಗೆ ಹೋಗುವ ಟಿಕೆಟ್‌ಗಳೂ ಮೂರು ಇವೆ. ಐದು ಜನ ಆಡುವಾಗ, ಮಯಾಮಿಗೆ ಕೆಲಸವೇ ಇಲ್ಲದವರು ಬರೀ 15 ಅಂಕಕ್ಕಾಗಿ ಆ ಕೆಂಪು ದಾರಿ ಹಿಡಿದುಬಿಟ್ಟರೆ ಉಳಿಯುವುದು ಎರಡು. ನ್ಯಾಶ್‌ವಿಲ್–ಅಟ್ಲಾಂಟಾ ಇನ್ನೂ ಮೋಸದ ಜಾಗ: ಒಂದೇ ಬೋಗಿಯ ಬೂದು ದಾರಿ, ಯಾವ ಕಾರ್ಡ್ ಇದ್ದರೂ ಯಾರು ಬೇಕಾದರೂ ಹಿಡಿಯಬಹುದು.

ಇದು ಆಟದ ರುಚಿಯೇ, ನಿಜ. ಆದರೆ ಮನೆಯಲ್ಲಿ ಆಡುವಾಗ ಒಂದು ಸಲ ಮುಚ್ಚಿಹೋದ ಟಿಕೆಟ್‌ನಿಂದ ಇಡೀ ಸಂಜೆ ಮುಖ ಊದಿಸಿಕೊಂಡು ಕೂರುವವರು ಇರುತ್ತಾರೆ. ಅದಕ್ಕೆ ಯುರೋಪ್ ಆಟದ ನಿಲ್ದಾಣವನ್ನು ಎರವಲು ತನ್ನಿ. ಒಬ್ಬೊಬ್ಬರಿಗೆ ಒಂದು ಗುಂಡಿ ಕೊಡಿ. ಯಾವುದಾದರೂ ಸರದಿಯಲ್ಲಿ, ಬೇರೇನೂ ಮಾಡದೆ, ಒಂದು ಕಾರ್ಡ್ ಎಸೆದು ಆ ಗುಂಡಿಯನ್ನು ಒಂದು ಊರಿನ ಮೇಲೆ ಇಡಬಹುದು. ಒಂದು ಊರಿಗೆ ಒಂದೇ ಗುಂಡಿ. ಆಟದ ಕೊನೆಯಲ್ಲಿ ಟಿಕೆಟ್ ಲೆಕ್ಕ ಹಾಕುವಾಗ ಆ ಊರಿಗೆ ಬರುವ ಬೇರೆಯವರ ಒಂದು ದಾರಿಯನ್ನು ನಿಮ್ಮದೇ ಅನ್ನುವ ಹಾಗೆ ಬಳಸಬಹುದು. ಗುಂಡಿ ಬಳಸದೆ ಉಳಿಸಿಕೊಂಡರೆ 4 ಅಂಕ.

ಯುರೋಪ್‌ನಲ್ಲಿ ಮೂರು ನಿಲ್ದಾಣ ಇವೆ. ಇಲ್ಲಿ ಮೂರು ಕೊಡಬೇಡಿ. ಮೂರು ಕೊಟ್ಟರೆ ದಾರಿ ಹೋಗುತ್ತದೆ ಅನ್ನುವ ಭಯವೇ ಇರುವುದಿಲ್ಲ, ಎಲ್ಲರೂ ಆರಾಮಾಗಿ ಕಾರ್ಡ್ ಕೂಡಿಸುತ್ತಾ ಕೂರುತ್ತಾರೆ. ಒಂದು ಸಾಕು. ಎರವಲು ದಾರಿಯನ್ನು ಉದ್ದದ ಹಳಿಯ ಲೆಕ್ಕಕ್ಕೆ ಸೇರಿಸುವಂತಿಲ್ಲ.

7. ಇಬ್ಬರೇ ಇದ್ದರೆ: ಗೂಡ್ಸ್ ಗಾಡಿ ಓಡಿಸಿ

ಗಂಡ-ಹೆಂಡತಿ ಇಬ್ಬರೇ, ಇಲ್ಲ ರೂಮ್‌ಮೇಟ್ಸ್ ಇಬ್ಬರೇ ಆಡುವ ಮನೆಗಳು ಬಹಳ. ಅಷ್ಟು ದೊಡ್ಡ ನಕ್ಷೆಯಲ್ಲಿ ಒಬ್ಬರು ಉತ್ತರ, ಒಬ್ಬರು ದಕ್ಷಿಣ ಹಿಡಿದರೆ ಕೊನೆತನಕ ಮುಖಾಮುಖಿಯೇ ಆಗುವುದಿಲ್ಲ. ಆಗ ಕಾರ್ಡ್ ಕೂಡಿಸಿಕೊಂಡು ಕೂತವರಿಗೆ ಶಿಕ್ಷೆ ಇಲ್ಲ.

ಮೂರನೇ ಬಣ್ಣದ ಬೋಗಿಗಳನ್ನು ಪಕ್ಕಕ್ಕೆ ಇಡಿ. ಇದು ಯಾರದ್ದೂ ಅಲ್ಲದ ಗೂಡ್ಸ್ ಗಾಡಿ. ಇಬ್ಬರೂ ಮೂರು ಮೂರು ಸರದಿ ಆಡಿದ ಮೇಲೆ ಕಟ್ಟಿನ ಮೇಲಿನ ಒಂದು ಕಾರ್ಡ್ ತಿರುಗಿಸಿ. ಯಾವ ಬಣ್ಣ ಬಂತೋ ಆ ಬಣ್ಣದ, ನಾಲ್ಕು ಬೋಗಿ ಅಥವಾ ಅದಕ್ಕಿಂತ ಚಿಕ್ಕ, ಖಾಲಿ ಇರುವ ಒಂದು ದಾರಿಯಲ್ಲಿ ಗೂಡ್ಸ್ ಬೋಗಿ ತುಂಬಿ. ಆ ದಾರಿ ಇನ್ನು ಮುಚ್ಚಿತು. ಯಾವ ದಾರಿ ಅಂತ ಆರಿಸುವವರು ಒಂದು ಸಲ ನೀವು, ಇನ್ನೊಂದು ಸಲ ಅವರು. ಇಂಜಿನ್ ಬಂದರೆ ಒಂದು ಅಥವಾ ಎರಡು ಬೋಗಿಯ ಬೂದು ದಾರಿ. ಆ ಬಣ್ಣದ ಚಿಕ್ಕ ದಾರಿ ಒಂದೂ ಉಳಿದಿಲ್ಲದಿದ್ದರೆ ಈ ಸಲ ಗೂಡ್ಸ್ ಬರಲಿಲ್ಲ, ಅಷ್ಟೇ. ಆಮೇಲೆ ಮತ್ತೆ ಮೂರು ಮೂರು ಸರದಿ.

ಒಂದೇ ಒಂದು ನಿರ್ಬಂಧ ಬೇಕು: ಯಾವ ಊರಿಗೂ ಉಳಿದಿರುವ ಕೊನೆಯ ಖಾಲಿ ದಾರಿಯನ್ನು ಗೂಡ್ಸ್ ಮುಚ್ಚುವಂತಿಲ್ಲ. ಲಾಸ್ ವೇಗಸ್‌ಗೆ ಇರುವುದೇ ಎರಡು ದಾರಿ. ಈ ನಿರ್ಬಂಧ ಇಲ್ಲದಿದ್ದರೆ ಊರೇ ನಕ್ಷೆಯಿಂದ ಮಾಯವಾಗುತ್ತದೆ.

ಇದರ ಗುಣ ಏನೆಂದರೆ, ಎದುರಿನವರು ಯಾವ ದಾರಿ ಮುಚ್ಚಿಸಿದರು ಅನ್ನುವುದರಿಂದಲೇ ಅವರಿಗೆ ಎಲ್ಲಿ ಕೆಲಸ ಇಲ್ಲ ಅಂತ ಸುಳಿವು ಸಿಗುತ್ತದೆ. ಹಾಗೆಯೇ ಸುಳ್ಳು ಸುಳಿವು ಕೊಡುವುದಕ್ಕೂ ಅವಕಾಶ ಇದೆ.

8. ಮಕ್ಕಳಿದ್ದರೆ, ಸಮಯ ಕಡಿಮೆ ಇದ್ದರೆ

ಡಬ್ಬಿಯ ಮೇಲೆ 8 ವರ್ಷ ಮೇಲ್ಪಟ್ಟವರಿಗೆ ಅಂತ ಇದೆ. ಚಿಕ್ಕವರು ಕೂತರೆ ಎರಡು ಬದಲಾವಣೆ ಸಾಕು. ಮಕ್ಕಳ ಮುಗಿಯದ ಟಿಕೆಟ್‌ಗೆ ಅಂಕ ಕಳೆಯಬೇಡಿ, ಸೊನ್ನೆ ಅಂತ ಬಿಡಿ. ಮತ್ತು ಅವರ ಟಿಕೆಟ್ ತೆರೆದಿಟ್ಟುಕೊಂಡು ಆಡಲಿ, ಊರು ಹುಡುಕಲು ದೊಡ್ಡವರು ಸಹಾಯ ಮಾಡಬಹುದು. ಟಿಕೆಟ್ ಮೇಲಿರುವ ಪುಟ್ಟ ನಕ್ಷೆಯಲ್ಲಿ ಎರಡು ಊರು ಎಲ್ಲಿವೆ ಅಂತ ತೋರಿಸಿರುತ್ತಾರೆ, ಅದನ್ನು ನೋಡಲು ಮೊದಲೇ ಹೇಳಿಕೊಡಿ. ಆರು ವರ್ಷದವರಿಗೆ ಇದೂ ಕಷ್ಟ ಅನ್ನಿಸಿದರೆ ಫಸ್ಟ್ ಜರ್ನಿ ಅನ್ನುವ ಮಕ್ಕಳ ಆವೃತ್ತಿಯೇ ಇದೆ. ಅದರಲ್ಲಿ ಅಂಕವೇ ಇಲ್ಲ, ಆರು ಟಿಕೆಟ್ ಮೊದಲು ಮುಗಿಸಿದವರು ಗೆದ್ದರು.

ಮಗು ಬಂತು ಅಂತ ಎಲ್ಲರ ಮೈನಸ್ಸನ್ನೂ ತೆಗೆಯಬೇಡಿ. ಮೈನಸ್ ಇಲ್ಲದಿದ್ದರೆ ದೊಡ್ಡವರು ಕಣ್ಣು ಮುಚ್ಚಿಕೊಂಡು ಟಿಕೆಟ್ ಬಾಚುತ್ತಾರೆ.

ಸಮಯ ಕಡಿಮೆ ಇದ್ದರೆ 45ರ ಬದಲು 35 ಬೋಗಿ ಕೊಡಿ. ಆಗ ಮೂರನೇ ಹಂತದ ಏಳು ದೊಡ್ಡ ಟಿಕೆಟ್‌ಗಳನ್ನು ಪೂರ್ತಿ ಡಬ್ಬಿಯಲ್ಲೇ ಬಿಡಿ, ಯಾಕೆಂದರೆ 35ರಲ್ಲಿ ಇಪ್ಪತ್ತರಷ್ಟು ಬೋಗಿ ಒಂದೇ ಟಿಕೆಟ್‌ಗೆ ಹೋದರೆ ಇನ್ನೇನೂ ಮಾಡಲಾಗುವುದಿಲ್ಲ.

9. ಇವುಗಳನ್ನು ಮುಟ್ಟಬೇಡಿ

"ತೆರೆದ ಇಂಜಿನ್ ಜೊತೆಗೆ ಇನ್ನೊಂದು ಕಾರ್ಡೂ ತೆಗೆಯಲು ಬಿಡೋಣ, ಆಟ ಬೇಗ ಆಗುತ್ತೆ" ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ಬೇಡ. ಒಟ್ಟು 110 ಕಾರ್ಡಿನಲ್ಲಿ ಇಂಜಿನ್ 14, ಪ್ರತಿ ಬಣ್ಣಕ್ಕೆ 12. ಇಂಜಿನ್ ಅಗ್ಗವಾದರೆ ಬಣ್ಣಕ್ಕೆ ಬೆಲೆ ಇರುವುದಿಲ್ಲ. ಪಕ್ಕದವರು ಹಸಿರು ಕೂಡಿಸುತ್ತಿದ್ದಾರೆ, ಎಲ್ಲೋ ಎಲ್ ಪಾಸೊ–ಹ್ಯೂಸ್ಟನ್ ಮೇಲೆ ಕಣ್ಣು ಇರಬೇಕು ಅಂತ ಊಹಿಸುವ ಸುಖವೇ ಹೋಗುತ್ತದೆ.

ಆರು ಬೋಗಿಯ ದಾರಿಗೆ 15 ಅಂಕ ಜಾಸ್ತಿಯಾಯಿತು, ಕಡಿಮೆ ಮಾಡೋಣ ಅನ್ನುವುದು ಇನ್ನೊಂದು. ಲೆಕ್ಕ ಹಾಕಿದರೆ ಸರಿ ಅನ್ನಿಸುತ್ತದೆ: ಒಂದು ಬೋಗಿಯ ದಾರಿಯಲ್ಲಿ ಬೋಗಿಗೆ 1 ಅಂಕ, ನಾಲ್ಕರದ್ದಕ್ಕೆ 7 ಅಂಕ, ಅಂದರೆ ಬೋಗಿಗೆ 1.75, ಆರರದ್ದರಲ್ಲಿ 2.5. ಆದರೆ ಆರು ಒಂದೇ ಬಣ್ಣದ ಕಾರ್ಡ್ ಕೂಡಿಸುವಷ್ಟು ಹೊತ್ತು ಕಾದವರು ಆ ದಾರಿಯನ್ನೇ ಕಳೆದುಕೊಳ್ಳುವ ಅಪಾಯ ಇದೆಯಲ್ಲ, ಅದರ ಬೆಲೆ ಅದು. ಯಾರೋ ಒಬ್ಬರು ಟಿಕೆಟ್ ಲೆಕ್ಕಿಸದೆ ಬರೀ ಆರರ ದಾರಿ ಹಿಡಿದು ಪ್ರತಿ ಸಲ ಗೆಲ್ಲುತ್ತಿದ್ದಾರೆ ಅಂದರೆ, ಉಳಿದವರು ಅವರ ದಾರಿಗೆ ಅಡ್ಡ ಹೋಗುತ್ತಿಲ್ಲ ಅಂತ ಅರ್ಥ. ಹೆಲೆನಾ–ಡುಲುತ್ ಒಂದನ್ನು ಹಿಡಿದು ನೋಡಿ.

ಆಟಗಾರರ ನಡುವೆ ಕಾರ್ಡ್ ಅದಲು ಬದಲು ಮಾಡಿಕೊಳ್ಳುವುದೂ ಬೇಡ. ಅದು ಬೇರೆ ಆಟಕ್ಕೆ ಒಪ್ಪುತ್ತದೆ. ಇಲ್ಲಿ ಪ್ರತಿ ಸರದಿ ಅರ್ಧ ನಿಮಿಷದಲ್ಲಿ ಮುಗಿಯುವುದೇ ದೊಡ್ಡ ಗುಣ, ಚೌಕಾಶಿ ಶುರುವಾದರೆ ಅದು ಹೋಯಿತು.

ಇನ್ನೊಂದು ಅಪಾಯ, ಒಳ್ಳೆಯ ರೂಲ್‌ಗಳನ್ನೇ ಒಟ್ಟಿಗೆ ಗುಡ್ಡೆ ಹಾಕುವುದು. ನಿಲ್ದಾಣವೂ ಇದೆ, ಮೈನಸ್ಸೂ ಇಲ್ಲ, ಪುಕ್ಕಟೆ ಗುಡಿಸುವುದೂ ಇದೆ ಅಂದರೆ ಯಾರಿಗೂ ಯಾವುದಕ್ಕೂ ಹೆದರಿಕೆ ಇರುವುದಿಲ್ಲ. ನನ್ನ ಸಲಹೆ: ಮೂರು ಮತ್ತು ನಾಲ್ಕನೇ ಹಂತ ಯಾವಾಗಲೂ ಇರಲಿ. ಆರನೇ ಅಥವಾ ಏಳನೇ ಹಂತ ಎಷ್ಟು ಜನ ಇದ್ದಾರೆ ಅಂತ ನೋಡಿಕೊಂಡು. ಐದನೇ ಹಂತ ಬೇಕೆನಿಸಿದರೆ ಮಾತ್ರ.

10. ಬರೆದಿಡಿ, ಆಮೇಲೆ ಆಡಿ

ಆಟ ಶುರುವಾಗುವ ಮುಂಚೆ ಒಪ್ಪಿದ ರೂಲ್‌ಗಳನ್ನು ಹಾಳೆಯಲ್ಲಿ ಬರೆದು ಮೇಜಿನ ಮೇಲೆ ಇಡಿ. ಮಧ್ಯದಲ್ಲಿ ಅನುಮಾನ ಬಂದರೆ, ಹಾಳೆಯಲ್ಲಿ ಇಲ್ಲದ್ದಕ್ಕೆಲ್ಲ ಪುಸ್ತಕದ ಮಾತೇ ಕೊನೆ. ಆಟ ನಡೆಯುತ್ತಿರುವಾಗ ಯಾರಿಗೆ ಎಷ್ಟೇ ಅನ್ಯಾಯ ಅನ್ನಿಸಿದರೂ ರೂಲ್ ಬದಲಿಸಬೇಡಿ, ಮುಗಿದ ಮೇಲೆ ಮಾತಾಡಿ. ಪ್ರತಿ ಆಟದ ನಂತರ ಅದೇ ಹಾಳೆಯ ಹಿಂದೆ ಮೂರು ವಿಷಯ ಬರೆಯಿರಿ: ಎಲ್ಲರ ಅಂಕ, ಮುಗಿಸಿದ ಟಿಕೆಟ್‌ಗಳ ಸಂಖ್ಯೆ, ಹೊಸ ರೂಲನ್ನು ಯಾರಾದರೂ ಬಳಸಿದರಾ ಇಲ್ಲವಾ. ಮೂರು ಆಟದಲ್ಲಿ ಒಬ್ಬರೂ ಬಳಸದ ರೂಲ್ ಇದ್ದರೆ ಹೊಡೆದು ಹಾಕಿ. ಎಲ್ಲರೂ ಪ್ರತಿ ಸರದಿ ಬಳಸುತ್ತಿದ್ದರೆ ಅದು ತೀರಾ ಅಗ್ಗವಾಗಿದೆ, ಬೆಲೆ ಏರಿಸಿ.

ಹೊಸಬರು ಬಂದ ದಿನ ಮಾತ್ರ ಪೂರ್ತಿ ಪುಸ್ತಕದ ಆಟವನ್ನೇ ಆಡಿ, ಮನೆ ರೂಲ್ ಒಂದೂ ಬೇಡ.

ಇಷ್ಟೆಲ್ಲ ಆದ ಮೇಲೂ ಅಮೆರಿಕಾ ನಕ್ಷೆ ಸಾಕಾಯಿತು ಅನ್ನುವವರು ಭಾರತದ ನಕ್ಷೆಯನ್ನೊಮ್ಮೆ ನೋಡಬಹುದು. 2011ರಲ್ಲಿ ಸ್ವಿಟ್ಜರ್‌ಲ್ಯಾಂಡ್ ನಕ್ಷೆಯ ಜೊತೆ ಒಂದೇ ಡಬ್ಬಿಯಲ್ಲಿ ಬಂತು, ನಾಲ್ಕು ಜನದವರೆಗೆ ಆಡಬಹುದು. ಒಂದು ಟಿಕೆಟ್‌ನ ಎರಡು ಊರುಗಳನ್ನು ಎರಡು ಬೇರೆ ಬೇರೆ ದಾರಿಯಲ್ಲಿ ಸೇರಿಸಿದರೆ ಅದರಲ್ಲಿ ಹೆಚ್ಚಿನ ಬೋನಸ್ ಇದೆ. ಬೋಗಿ ಮತ್ತು ಬಣ್ಣದ ಕಾರ್ಡ್ ಆ ಡಬ್ಬಿಯಲ್ಲಿ ಬರುವುದಿಲ್ಲ, ನಿಮ್ಮ ಮೂಲ ಆಟದಿಂದಲೇ ತೆಗೆದುಕೊಳ್ಳಬೇಕು.